ಐಷಾರಾಮಿ ಕಾರಿನ ಸರ್ವೀಸ್ ಪ್ಲಾನ್: ಮೊದಲೇ ದುಡ್ಡು ಕಟ್ಟಿದ್ದು, ಆಗಾಗ ಕಟ್ಟಿದ್ದು, ಹೊರಗಡೆ ಮಾಡಿಸಿದ್ದು

ದುಬಾರಿ ಕಾರಿನ ಬುಕಿಂಗ್ ಮುಗಿಯುವ ಹೊತ್ತಿಗೆ ಶೋರೂಮ್‌ನವರು ಇನ್ನೊಂದು ಹಾಳೆ ಮುಂದಿಡುತ್ತಾರೆ. ‘ಇದೊಂದು ಸರ್ವೀಸ್ ಪ್ಯಾಕೇಜ್ ಹಾಕಿಸಿಬಿಡಿ ಸರ್, ಮೂರು ವರ್ಷ ತಲೆನೋವಿಲ್ಲ.’ ಐವತ್ತು ಲಕ್ಷದ ಲೆಕ್ಕ ಮಾಡುತ್ತಾ ಕೂತವರಿಗೆ ಒಂದು ಲಕ್ಷ ಚಿಲ್ಲರೆಯಂತೆ ಕಾಣುತ್ತದೆ. ಹೆಚ್ಚಿನವರು ಅಲ್ಲೇ ಸಹಿ ಹಾಕುತ್ತಾರೆ.

ನಮ್ಮ ಮನೆಯಲ್ಲಿ ಎಲ್ಲ ದಾರಿಯನ್ನೂ ನೋಡಿದ್ದಾಯಿತು. ನನ್ನದು ಸೆಕೆಂಡ್ ಹ್ಯಾಂಡ್ ಜರ್ಮನ್ ಡೀಸೆಲ್ ಸೆಡಾನ್. ಮೊದಲ ಮಾಲೀಕರು ಮಾಡಿಸಿದ್ದ ದೊಡ್ಡ ಪ್ಲಾನ್ ಅದರ ಜೊತೆಗೇ ಬಂತು. ಜಯನಗರದ ಭಾವನದು ಪೆಟ್ರೋಲ್ ಎಸ್‌ಯುವಿ, ಅದಕ್ಕೆ ಚಿಕ್ಕ ಪ್ಲಾನ್. ಅವರಿಗೆ ಪುರುಸೊತ್ತಿಲ್ಲ, ಹಾಗಾಗಿ ಅದನ್ನು ಸರ್ವೀಸಿಗೆ ಬಿಟ್ಟು ತರುವ ಕೆಲಸ ನನ್ನದೇ. ನನ್ನ ಪ್ಲಾನ್ ಮುಗಿದ ಮೇಲೆ ಕೆಲವು ಸರ್ತಿ ಕಂಪನಿ ಸರ್ವೀಸ್ ಸೆಂಟರ್‌ನಲ್ಲೇ ಕೈಯಿಂದ ದುಡ್ಡು ಕೊಟ್ಟೆ, ಆಮೇಲೆ ಹೊರಗಿನ ಗ್ಯಾರೇಜಿಗೆ ಹೋದೆ. ಕಾರು, ಸರ್ವೀಸ್ ಸೆಂಟರ್ ಯಾವುದು ಅಂತ ಹೇಳಲ್ಲ. ಒಂದೇ ಕಂಪನಿಯ ಎರಡು ಸೆಂಟರ್ ಒಂದೇ ಥರ ಇರಲ್ಲ.

ಶುರುವಿಗೆ ಒಂದು ಗೊಂದಲ ಬಿಡಿಸಬೇಕು. ಸರ್ವೀಸ್ ಪ್ಲಾನ್ ಬೇರೆ, ಎಕ್ಸ್‌ಟೆಂಡೆಡ್ ವಾರಂಟಿ ಬೇರೆ. ಮೊದಲನೆಯದು ಆಯಿಲ್, ಫಿಲ್ಟರ್ ಥರದ ಮಾಮೂಲಿ ಸರ್ವೀಸಿಗೆ, ಎರಡನೆಯದು ಕೆಟ್ಟುಹೋದ ಭಾಗದ ರಿಪೇರಿಗೆ. ಟರ್ಬೋ ಹೋದರೆ, ಗೇರ್‌ಬಾಕ್ಸ್ ಕೈಕೊಟ್ಟರೆ ಸರ್ವೀಸ್ ಪ್ಲಾನ್‌ನಿಂದ ಒಂದು ರೂಪಾಯಿಯೂ ಸಿಗಲ್ಲ. ಬಿಎಂಡಬ್ಲ್ಯುನವರು ಒಂದಕ್ಕೆ ಸರ್ವೀಸ್ ಇನ್‌ಕ್ಲೂಸಿವ್, ಇನ್ನೊಂದಕ್ಕೆ ರಿಪೇರ್ ಇನ್‌ಕ್ಲೂಸಿವ್ ಅಂತ ಹೆಸರಿಟ್ಟಿದ್ದಾರೆ. ಕೇಳಿದವರಿಗೆ ಎರಡೂ ಒಂದೇ ಅನ್ನಿಸಿದರೆ ತಪ್ಪೇನಿಲ್ಲ. ‘ಎಲ್ಲಾ ಕವರ್ ಆಗುತ್ತೆ’ ಅಂತ ಸೇಲ್ಸ್ ಹುಡುಗ ಹೇಳಿದರೆ ಎರಡರಲ್ಲಿ ಯಾವುದರ ಮಾತು ಅಂತ ಕೇಳಿ.

ಚಿಕ್ಕ ಪ್ಲಾನ್‌ನಲ್ಲಿ ಸಾಮಾನ್ಯವಾಗಿ ಬರುವುದು ಇಷ್ಟು: ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಬ್ರೇಕ್ ಆಯಿಲ್, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಡೀಸೆಲ್ ಫಿಲ್ಟರ್. ದೊಡ್ಡ ಪ್ಲಾನ್‌ನಲ್ಲಿ, ಅಂದರೆ ಹೆಚ್ಚಾಗಿ ಹೆಸರಿನ ಕೊನೆಗೆ ‘ಪ್ಲಸ್’ ಅಂತಿರುವುದರಲ್ಲಿ, ಬ್ರೇಕ್ ಪ್ಯಾಡ್, ಡಿಸ್ಕ್, ವೈಪರ್ ಬ್ಲೇಡ್ ಸೇರುತ್ತವೆ. ಟೈರ್, ಬ್ಯಾಟರಿ, ಸಸ್ಪೆನ್ಷನ್ ಬುಷ್ ಸಾಮಾನ್ಯವಾಗಿ ಎರಡರಲ್ಲೂ ಇಲ್ಲ. ಬೆಂಗಳೂರಿನ ಗುಂಡಿಗಳಲ್ಲಿ ಬೇಗ ಹಾಳಾಗುವುದು ಟೈರ್, ಬುಷ್‌ಗಳೇ ಅನ್ನುವುದು ಬೇರೆ ಮಾತು.

ಭಾವನ ಕಾರು ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಪ್ಲಾನ್ ಇದ್ದದ್ದು ಮೂರು ವರ್ಷ ಅಥವಾ 40,000 ಕಿ.ಮೀ., ಯಾವುದು ಮೊದಲು ಬರುತ್ತೋ ಅಲ್ಲಿಗೆ ಮುಗಿಯಿತು. 40,000ದಲ್ಲಿ ಸುಮಾರು ಅರ್ಧದಷ್ಟು ಉಪಯೋಗಕ್ಕೇ ಬರಲಿಲ್ಲ. ಪ್ಲಗ್ ಬದಲಿಸುವ ಹೊತ್ತೂ ಬರಲಿಲ್ಲ. ಆಗಿದ್ದು ವರ್ಷಕ್ಕೊಂದು ಆಯಿಲ್ ಸರ್ವೀಸ್, ಒಮ್ಮೆ ಬ್ರೇಕ್ ಆಯಿಲ್. ಅದೇ ಕೆಲಸಕ್ಕೆ ಪ್ಲಾನ್ ಇಲ್ಲದವರಿಗೆ ಎಷ್ಟಾಗುತ್ತೆ ಅಂತ ಎಸ್ಟಿಮೇಟ್ ಹಾಕಿಸಿ ಕೂಡಿದೆ. ಪ್ಲಾನ್‌ಗೆ ಕಟ್ಟಿದ್ದಕ್ಕೂ ಇದಕ್ಕೂ ಸರಿಸುಮಾರು ಅಷ್ಟಕ್ಕಷ್ಟೇ. ಉಳಿತಾಯ ಅನ್ನುವ ಮಾತೇ ಇಲ್ಲ. ದುಡ್ಡು ಮೂರು ವರ್ಷ ಮೊದಲೇ ಕೈಬಿಟ್ಟು ಹೋಗಿತ್ತು, ಅಷ್ಟೆ.

ದಿನಾಂಕದ ಮೇಲೆ ನಡೆಯುವ ಪ್ಲಾನ್‌ಗಳಲ್ಲಿ ಇನ್ನೊಂದು ಸಣ್ಣ ಹೊಂಡ ಇದೆ. ವರ್ಷಕ್ಕೊಂದು ಸರ್ವೀಸ್ ಅಂದರೆ ಮೂರನೆಯದು ಬೀಳುವುದು ಸರಿಯಾಗಿ ಮೂರು ವರ್ಷ ತುಂಬುವ ಹೊತ್ತಿಗೆ. ಪ್ಲಾನ್ ಮುಗಿಯುವುದೂ ಅವತ್ತೇ. ಹಬ್ಬ, ಊರು, ಮದುವೆ ಅಂತ ಒಂದು ವಾರ ತಡವಾದರೆ ಮೂರು ವರ್ಷದ ದುಡ್ಡಿಗೆ ಎರಡೇ ಸರ್ವೀಸ್. ಭಾವನ ಕಾರನ್ನು ಅವಧಿ ಮುಗಿಯುವ ಮುಂಚೆಯೇ ನಾನು ತಗೊಂಡು ಹೋಗಿ ನಿಲ್ಲಿಸಿದೆ. ‘ಇನ್ನೂ ಡ್ಯೂ ಬಂದಿಲ್ವಲ್ಲ ಸರ್’ ಅಂದರು. ಗೊತ್ತಿದ್ದೇ ಬಂದಿದ್ದೆ.

ಈಗ ಬ್ರೇಕ್ ವಿಷಯ. ಈ ಪ್ಲಾನ್‌ಗಳ ಲಾಭ ನಷ್ಟ ಎಲ್ಲ ಇರುವುದು ಇಲ್ಲೇ. ಆಯಿಲ್ ಸರ್ವೀಸ್ ಎಷ್ಟೇ ದುಬಾರಿಯಾದರೂ ಎಷ್ಟಾಗುತ್ತೆ ಅಂತ ಮೊದಲೇ ಗೊತ್ತಿರುತ್ತದೆ. ನಾಲ್ಕೂ ಚಕ್ರದ ಪ್ಯಾಡ್, ಡಿಸ್ಕ್ ಒಟ್ಟಿಗೆ ಬಂದರೆ ಆ ಒಂದೇ ಬಿಲ್ ಕೆಲವು ವರ್ಷಗಳ ಆಯಿಲ್ ಸರ್ವೀಸನ್ನು ನುಂಗುತ್ತದೆ. ನನಗೆ ಮಂಗಳೂರಿನ ಓಡಾಟ ಜಾಸ್ತಿ, ಅದೂ ಶಿರಾಡಿ ಘಾಟಿಯಲ್ಲಿ. ಆಟೊಮ್ಯಾಟಿಕ್ ಗಾಡಿ, ಮುಂದೆ ಲಾರಿ ಸಾಲು. ಇಳಿಜಾರಿನಲ್ಲಿ ಗೇರ್ ಕೆಳಗೆ ಹಾಕಿಕೊಂಡರೂ ಬ್ರೇಕ್ ಮೇಲೆ ಕಾಲಿಡದೆ ಆಗುವುದಿಲ್ಲ. ಇಂಥ ಗಾಡಿಗೆ ದೊಡ್ಡ ಪ್ಲಾನ್ ಇದ್ದದ್ದು ನನ್ನ ಪುಣ್ಯ. ಮುಂದಿನ ಚಕ್ರದ ಪ್ಯಾಡಿನ ಸೆನ್ಸರ್ ಸವೆದು ಡ್ಯಾಶ್‌ಬೋರ್ಡಿನಲ್ಲಿ ದೀಪ ಬಂತು. ಪ್ಯಾಡ್, ಸೆನ್ಸರ್, ಮುಂದಿನ ಎರಡು ಡಿಸ್ಕ್ ಎಲ್ಲ ಹಾಕಿದರು. ಬಿಲ್ಲಿನ ಕೊನೆ ಸಾಲಿನಲ್ಲಿ ಸೊನ್ನೆ. ಆ ಒಂದು ಕೆಲಸಕ್ಕೇ ಪ್ಲಾನಿನ ಬೆಲೆಯ ದೊಡ್ಡ ಪಾಲು ವಾಪಸ್ ಬಂದಂತಾಯಿತು.

ಹಿಂದಿನ ಚಕ್ರದ ಡಿಸ್ಕ್‌ಗಳ ಕಥೆ ಹಾಗಾಗಲಿಲ್ಲ. ಪ್ರತಿ ಡಿಸ್ಕ್‌ನ ಮೇಲೂ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಮಿಲಿಮೀಟರ್‌ನಲ್ಲಿ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದರೆ ಮಾತ್ರ ಪ್ಲಾನ್‌ನಲ್ಲಿ ಬದಲಿ. ನನ್ನ ಗಾಡಿಯ ಹಿಂದಿನ ಡಿಸ್ಕ್ ಅಂಚಿನಲ್ಲಿ ಉಗುರು ತಾಗುವಷ್ಟು ಏಣು ಎದ್ದಿತ್ತು. ಸರ್ವೀಸ್ ಅಡ್ವೈಸರ್ ಅಳತೆ ಹಿಡಿದು ತೋರಿಸಿದರು: ಗೆರೆಗಿಂತ ಕೂದಲೆಳೆಯಷ್ಟು ಮೇಲೆ. ‘ಮುಂದಿನ ಸಲ ಖಂಡಿತ ಆಗುತ್ತೆ ಸರ್.’ ಮುಂದಿನ ಸಲಕ್ಕೆ ಪ್ಲಾನ್ ಇರಲಿಲ್ಲ. ಅವರು ಮಾಡಿದ್ದು ನಿಯಮದ ಪ್ರಕಾರ ಸರಿ. ಆದರೆ ಪ್ಲಾನ್‌ನ ಹಾಳೆಯಲ್ಲಿ ‘ಬ್ರೇಕ್ ಡಿಸ್ಕ್’ ಅಂತ ಇರುವುದೇ ಬೇರೆ, ಡಿಸ್ಕ್ ಸಿಗುವುದೇ ಬೇರೆ.

ಹಾಗಾಗಿ ಪ್ಲಾನ್‌ನ ಬೆಲೆ ನೋಡುವುದಕ್ಕಿಂತ ಅದು ಮುಗಿಯುವ ಕಿಲೋಮೀಟರ್ ನೋಡಬೇಕು. 40,000ಕ್ಕೆ ಮುಗಿಯುವ ಪ್ಲಾನ್, 45,000ಕ್ಕೆ ಬರುವ ಡಿಸ್ಕ್ ಖರ್ಚು, 60,000ಕ್ಕೆ ಬರುವ ಪ್ಲಗ್: ಹೀಗಿದ್ದರೆ ಅಗ್ಗದ ವರ್ಷಗಳಿಗೆ ಮುಂಗಡ ಕಟ್ಟಿ, ದುಬಾರಿ ವರ್ಷ ಬಂದಾಗ ಮತ್ತೆ ಜೇಬಿಗೆ ಕೈ ಹಾಕಬೇಕು. ಚಿಕ್ಕ ಅವಧಿಯ ಪ್ಲಾನ್‌ಗಳು ಬಹಳಷ್ಟು ಸಲ ಇಲ್ಲೇ ಸೋಲುತ್ತವೆ. ನಿಮ್ಮದೇ ಮಾಡೆಲ್ ಇಟ್ಟುಕೊಂಡವರು ಸಿಕ್ಕರೆ ಅವರ ಬ್ರೇಕ್ ಎಷ್ಟು ಕಿಲೋಮೀಟರಿಗೆ ಹೋಯಿತು ಅಂತ ಕೇಳಿ. ಊರೊಳಗೆ ಓಡಿಸುವವರೋ, ಘಾಟಿ ಓಡಿಸುವವರೋ ಅಂತಲೂ ಕೇಳಿ. ಬ್ರೋಷರ್‌ಗಿಂತ ಆ ಉತ್ತರ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪ್ಲಾನ್ ಮುಗಿದ ಮೇಲೆ ಕಂಪನಿ ಸೆಂಟರ್‌ನಲ್ಲಿ ಕೈಯಿಂದ ಕೊಟ್ಟ ಅನುಭವ ಚುಟುಕಾಗಿ ಹೇಳಬಹುದು. ಕೆಲಸ ಅದೇ, ಕಾಫಿ ಅದೇ, ಎಸ್ಟಿಮೇಟ್ ಮಾತ್ರ ಉದ್ದ. ಪ್ಲಾನ್ ಇದ್ದಾಗ ಯಾರೂ ಹೇಳದಿದ್ದ ಇಂಜೆಕ್ಟರ್ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್, ಅಂಡರ್‌ಬಾಡಿ ಕೋಟಿಂಗ್ ಎಲ್ಲ ಒಂದೊಂದಾಗಿ ಬಂದು ಕೂರುತ್ತವೆ. ಬೇಡ ಅಂತ ಹೇಳಲು ಬಂದರೆ ಈ ದಾರಿ ಕೆಟ್ಟದ್ದೇನಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತಲ್ಲ, ಆಗಾಗ ಕೊಡುವವರಿಗೆ ಅದು ಬಿಲ್ಲಿನಲ್ಲೇ ಕಾಣಿಸುವ ವ್ಯತ್ಯಾಸ. ಅದಕ್ಕೂ ಮುಂಚೆ ಪೂರ್ತಿ ದುಡ್ಡು ಕಟ್ಟಿ ಕೂತವರಿಗೆ ಅದರಿಂದ ಏನೂ ಇಲ್ಲ. ಬೆಲೆ ಏರಿದಾಗ ಇದೇ ಮಾತು ಉಲ್ಟಾ ಆಗುತ್ತದೆ, ಅದನ್ನೂ ಹೇಳಬೇಕು.

ಹೊರಗಿನ ಗ್ಯಾರೇಜಿನ ಬಗ್ಗೆ ನನಗೆ ಮೊದಲು ಭಯ ಇತ್ತು. ಅದನ್ನು ಹೋಗಲಾಡಿಸಿದ್ದು ಅಲ್ಲಿನ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: ‘ನಿಮ್ಮ ಮ್ಯಾನುಯಲ್‌ನಲ್ಲಿ ಆಯಿಲ್ ಸ್ಪೆಕ್ ಯಾವುದು ಅಂತಿದೆ?’ ಬರೀ 5ಡಬ್ಲ್ಯು30 ಅಂತ ಆಯಿಲಿನ ಮಂದತೆ ಹೇಳಿದರೆ ಸಾಲದು. ಡೀಸೆಲ್ ಬಿಎಂಡಬ್ಲ್ಯುಗಳಲ್ಲಿ ಲಾಂಗ್‌ಲೈಫ್-04, ಮರ್ಸಿಡಿಸ್‌ಗಳಲ್ಲಿ 229.51, 229.52 ಅಂತೆಲ್ಲ ಕಂಪನಿಯದೇ ಮಾನದಂಡ ಇರುತ್ತದೆ. ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಗಾಡಿಗೆ ತಪ್ಪು ಆಯಿಲ್ ಹಾಕಿದರೆ ಉಳಿಸಿದ್ದರ ಹಲವು ಪಟ್ಟು ಆಮೇಲೆ ಹೋಗುತ್ತದೆ. ಇದನ್ನು ಕೇಳದ ಗ್ಯಾರೇಜಿನಿಂದ ಸುಮ್ನೆ ವಾಪಸ್ ಬನ್ನಿ. ಮಾನ್, ಮಾಹ್ಲೆ ಫಿಲ್ಟರ್, ಟೆಕ್ಸ್‌ಟಾರ್ ಪ್ಯಾಡ್ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಹುಡುಕಿದರೆ ಸಿಗುತ್ತವೆ. ಕಾರು ಕಂಪನಿಗಳಿಗೂ ಮಾಲು ಕೊಡುವವರು ಇವರೇ. ಕೊನೆಗೆ ನನ್ನ ಹಿಂದಿನ ಡಿಸ್ಕ್ ಆಗಿದ್ದೂ ಇಲ್ಲೇ, ಕಂಪನಿ ಸೆಂಟರ್‌ನ ಎಸ್ಟಿಮೇಟ್‌ನ ಹತ್ತಿರತ್ತಿರ ಅರ್ಧಕ್ಕೆ.

ಕಳೆದುಕೊಳ್ಳುವುದೂ ಇದೆ. ಈಗಿನ ಗಾಡಿಗಳ ಸರ್ವೀಸ್ ದಾಖಲೆ ಕಂಪನಿಯ ಕಂಪ್ಯೂಟರ್‌ನಲ್ಲಿರುತ್ತದೆ. ಹೊರಗೆ ಮಾಡಿಸಿದ್ದು ಅದರಲ್ಲಿ ಬರಲ್ಲ, ಮಾರುವಾಗ ಚೌಕಾಶಿ ಮಾಡಲು ಕೊಳ್ಳುವವರಿಗೆ ಒಂದು ನೆಪ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬದಲಿಸಿದರೂ ಅದನ್ನು ಗಾಡಿಗೆ ಕಂಪ್ಯೂಟರ್ ಹಚ್ಚಿ ‘ಹೇಳಬೇಕು’, ಆ ಉಪಕರಣ ಎಲ್ಲ ಗ್ಯಾರೇಜಿನಲ್ಲಿ ಇರುವುದಿಲ್ಲ. ಇನ್ನು ವಾರಂಟಿಯ ಹೆದರಿಕೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ದಂಡ ಹಾಕಿದಾಗ, ಹೊರಗೆ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಷರತ್ತು ಇಡಬಾರದು ಅಂತಲೂ ಹೇಳಿತ್ತು. ಆದೇಶ ಕೋರ್ಟು ಕಚೇರಿ ಅಂತ ಮುಂದೆ ಹೋಯಿತು. ನಾನಂತೂ ವಾರಂಟಿ ಇರುವಷ್ಟು ದಿನ ಹೊರಗೆ ಹೋಗಲಿಲ್ಲ. ಕ್ಲೇಮ್ ಹೊತ್ತಲ್ಲಿ ವಾದ ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ.

ಸಕಲೇಶಪುರದ ಚಿಕ್ಕಪ್ಪನ ಮಗನಿಗೆ ಈ ಲೆಕ್ಕವೇ ಬೇರೆ. ಹತ್ತಿರದ ಸೆಂಟರ್ ಅಂದರೆ ಅವನಿಗೆ ಒಂದು ದಿನದ ಕೆಲಸ, ಡೀಸೆಲ್, ಟೋಲ್. ಅಂಥವರು ಪ್ಲಾನ್ ಕೊಂಡು ಉಪಯೋಗಿಸದೆ ಬಿಡುವುದೇ ಜಾಸ್ತಿ.

ಭಾವ ಈಗ ಹೊಸ ಗಾಡಿ ನೋಡುತ್ತಿದ್ದಾರೆ. ಓಡಾಟ ಹೀಗೇ ಇದ್ದರೆ ಪ್ಲಾನ್ ಬೇಡ ಅಂತ ನಾನು ಹೇಳಿದ್ದೇನೆ. ಅಕ್ಕನಿಗೆ ಪ್ರತಿ ಸಲ ಎಸ್ಟಿಮೇಟ್ ನೋಡಿ ಜಗಳ ಆಡುವುದು ಬೇಡ, ಅದೊಂದು ನೆಮ್ಮದಿಗೆ ಬೇಕಂತೆ. ಹಾಗಾದರೆ ಡಿಸ್ಕೌಂಟ್ ಬದಲಿಗೆ ಪ್ಲಾನ್ ಕೇಳಿ ಅಂದೆ. ವರ್ಷದ ಕೊನೆಗೆ ಸ್ಟಾಕ್ ಖಾಲಿ ಮಾಡುವಾಗ ನಗದು ಬಿಡುವುದಕ್ಕಿಂತ ಪ್ಲಾನ್ ಕೊಡುವುದು ಡೀಲರ್‌ಗೆ ಸುಲಭ. ಪ್ಲಾನ್ ಸಾಮಾನ್ಯವಾಗಿ ಗಾಡಿಯ ಚಾಸಿ ನಂಬರ್‌ಗೆ ಅಂಟಿಕೊಂಡಿರುತ್ತದೆ. ನನಗೆ ಬಂದ ಹಾಗೆ ಮುಂದಿನ ಮಾಲೀಕರಿಗೂ ಹೋಗುತ್ತದೆಯೇ ಅಂತ ಬರಹದಲ್ಲಿ ತಗೊಳ್ಳಬೇಕು. ದುಡ್ಡು ಕೊಟ್ಟೇ ತಗೊಳ್ಳುವುದಾದರೆ ಕಾರಿನ ಸಾಲಕ್ಕೆ ಮಾತ್ರ ಸೇರಿಸಬಾರದು. ಮೂರು ವರ್ಷದ ಆಯಿಲ್‌ಗೆ ಏಳು ವರ್ಷ ಬಡ್ಡಿ ಕಟ್ಟಿದ ಹಾಗಾಗುತ್ತದೆ.