ಕಿಟ್ಟೆಲ್ ನಿಘಂಟು: ಕಾಸರಗೋಡಿನ ಓದುಗರು ಯಾವ ಪ್ರತಿ ಕೊಳ್ಳಬೇಕು?

ತಾಳಮದ್ದಳೆಯ ಅರ್ಥಧಾರಿಗಾಗಲಿ, ಹಳಗನ್ನಡ ಪಾಠ ಮಾಡುವ ಮೇಷ್ಟ್ರಿಗಾಗಲಿ ಒಂದೇ ನಿಘಂಟು ಸಾಕೆಂದರೆ ಕಿಟ್ಟೆಲರದ್ದನ್ನೇ ಕೊಳ್ಳಿ. ಅರ್ಥ ಇಂಗ್ಲಿಷಿನಲ್ಲಿದೆ ಎಂಬ ತೊಡಕೊಂದನ್ನು ಬಿಟ್ಟರೆ ಗಡಿನಾಡಿನವರಿಗೆ ಇದಕ್ಕಿಂತ ಒಗ್ಗುವ ಪುಸ್ತಕ ಇಲ್ಲ.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಯಾಗಿ ಫರ್ಡಿನಾಂಡ್ ಕಿಟ್ಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. 1872ರಲ್ಲಿ ಹಳಗನ್ನಡ ವ್ಯಾಕರಣವಾದ ಶಬ್ದಮಣಿದರ್ಪಣ, 1875ರಲ್ಲಿ ಛಂದಸ್ಸಿನ ಗ್ರಂಥ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ನಿಘಂಟು ಹೊರಬಂತು, 1752 ಪುಟ. ಎರಡು ವರ್ಷದ ಮೇಲೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಅವರಿಗಿಂತ ಮೊದಲೇ, ಮಂಗಳೂರಿನಲ್ಲಿ ಮಿಶನ್ ಸೆಮಿನರಿ ಕಟ್ಟಿದ ಹೆರ್ಮನ್ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹಾಕಿಸಿದ್ದರು. ನಿಘಂಟಿನ ಉದಾಹರಣೆಗಳಲ್ಲಿ ಈ ಕೃತಿಗಳೆಲ್ಲ ಸಿಗುತ್ತವೆ.

ಹುಡುಕುವ ಕ್ರಮ ಮೊದಲು ತಿಳಿದಿರಬೇಕು. ‘ಹಾಲು’ ಎಂದು ಹುಡುಕಿದರೆ ನಿರಾಶೆಯೇ. ನಾಮಪದಗಳು ಬಹಳಷ್ಟು ವ್ಯಂಜನಾಂತ: ಕಾಲ್, ಕಣ್, ಪಾಲ್. ಹಳಗನ್ನಡದ ಪಕಾರವೇ ಎಷ್ಟೋ ಪದಗಳಲ್ಲಿ ಈಗಿನ ಹಕಾರ. ಹಕಾರದಲ್ಲಿ ಹೆಚ್ಚಾಗಿ ಸಿಗುವುದು ‘ಪಾಲ್ ನೋಡಿ’ ಎಂಬಂಥ ಸೂಚನೆ ಮಾತ್ರ, ವಿವರವೆಲ್ಲ ಪಕಾರದಲ್ಲಿ. ಒಂದೇ ರೂಪದ ಬೇರೆ ಬೇರೆ ಪದಗಳಿಗೆ 1, 2, 3 ಎಂದು ಅಂಕಿ ಇರುತ್ತದೆ. ಮೊದಲನೆಯದನ್ನೇ ಓದಿ ಪುಸ್ತಕ ಮುಚ್ಚುವುದು ಎಲ್ಲರೂ ಮಾಡುವ ತಪ್ಪು.

ನಮ್ಮ ಕಡೆಯವರಿಗೆ ನಿಜವಾದ ಲಾಭ ಇರುವುದು ೞಕಾರದಲ್ಲಿ, ಅಂದರೆ ಹಳಗನ್ನಡದಲ್ಲಿದ್ದು ಈಗ ಳಕಾರದಲ್ಲಿ ಸೇರಿಹೋದ ಅಕ್ಷರದಲ್ಲಿ. ಮಳೆ, ಬಾಳೆ, ಕೋಳಿ ಈ ಮೂರೂ ಹಳಗನ್ನಡದಲ್ಲಿ ಮೞೆ, ಬಾೞೆ, ಕೋೞಿ. ಮಲಯಾಳದ ಮೞ, ವಾೞ, ಕೋೞಿ ದಿನಾ ಕಿವಿಗೆ ಬೀಳುವವರಿಗೆ ಇದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಕೈಬಳೆಗೆ ಮಲಯಾಳದಲ್ಲಿ ‘ವಳ’, ಆದ್ದರಿಂದ ಅಲ್ಲಿ ಳಕಾರವೇ ಮೂಲ. ಪದದ ವಿವರದಲ್ಲಿ ತುಳು, ಮಲಯಾಳ, ತಮಿಳು, ತೆಲುಗು ರೂಪಗಳನ್ನೂ ಕೊಟ್ಟಿರುವುದರಿಂದ ಅನುಮಾನ ಬಂದಲ್ಲಿ ತಾಳೆ ನೋಡಬಹುದು. ಬೆಂಗಳೂರಿನ ಓದುಗರಿಗೆ ಈ ಅನುಕೂಲ ಎಲ್ಲಿಂದ ಬರಬೇಕು!

ಪ್ರತಿಗಳ ವಿಚಾರ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ವರೆಗೆ ತಂದ ನಾಲ್ಕು ಸಂಪುಟಗಳೇ ಉತ್ತಮ, ಹೊಸ ಪದಗಳೂ ಸೇರಿವೆ. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕರೆ ನಾಲ್ಕೂ ಇವೆಯೇ ನೋಡಿ. ಬಿಡಿ ಸಂಪುಟಕ್ಕೆ ಜೋಡಿ ಹುಡುಕುವುದು ಕಷ್ಟ. 1894ರ ಪುಟಗಳ ಛಾಯಾಪ್ರತಿ ಮರುಮುದ್ರಣ ಕೊಳ್ಳುವ ಮುನ್ನ ನಡುವಿನ ಹತ್ತು ಪುಟ ಬಿಡಿಸಿ ನೋಡಿ. ಮೂಲದ ಅಕ್ಷರವೇ ಸಣ್ಣದು. ಶಾಯಿ ಹೆಚ್ಚಾದರೆ ಒತ್ತಕ್ಷರ ಕಟ್ಟಿಕೊಳ್ಳುತ್ತದೆ, ಕಡಿಮೆಯಾದರೆ ರೋಮನ್ ಅಕ್ಷರದಡಿಯ ಚುಕ್ಕೆ ಹಾರಿಹೋಗುತ್ತದೆ. ಆಮೇಲೆ ಲ ಯಾವುದು, ಳ ಯಾವುದು ಎಂದು ಲಿಪ್ಯಂತರದಿಂದ ತಿಳಿಯುವುದಿಲ್ಲ.

ದುಡ್ಡು ಹಾಕಲಾಗದವರಿಗೆ ಅಂತರ್ಜಾಲದಲ್ಲಿ ಮೊದಲ ಮುದ್ರಣದ ಸ್ಕ್ಯಾನ್ ಉಚಿತವಾಗಿದೆ. ಮುನ್ನುಡಿಯ ಪುಟಗಳಿಗೆ ರೋಮನ್ ಅಂಕಿ ಇರುವುದರಿಂದ ಫೈಲಿನ ಪುಟಸಂಖ್ಯೆಗೂ ಅಚ್ಚಿನ ಸಂಖ್ಯೆಗೂ ಹೊಂದುವುದಿಲ್ಲ. ವ್ಯತ್ಯಾಸ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ, ಪ್ರತಿ ಅಕ್ಷರ ಶುರುವಾಗುವಲ್ಲಿ ಬುಕ್‌ಮಾರ್ಕ್ ಇಟ್ಟುಕೊಂಡರೆ ಮೊಬೈಲಿನಲ್ಲೂ ಬೇಗ ಹುಡುಕಬಹುದು.