ದಾಂಡೇಲಿಯೋ, ಬರಪೊಳೆಯೋ?

ಮೊದಲ ಸಲ ರ‍್ಯಾಫ್ಟಿಂಗ್‌ಗೆ ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಯಾವ ತಿಂಗಳು ಅನ್ನೋದೇ ಅರ್ಧ ಉತ್ತರ. ಕೊಡಗಿನ ಬರಪೊಳೆ ಮಳೆಯನ್ನೇ ನಂಬಿದ ಹೊಳೆ. ಜೂನ್‌ನಿಂದ ಸೆಪ್ಟೆಂಬರ್ ಅದರ ಕಾಲ. ದಾಂಡೇಲಿ ಕಡೆಯ ಕಾಳಿ ನದಿಗೆ ಸೂಪಾ ಅಣೆಕಟ್ಟಿನ ನೀರು ಬರುವುದರಿಂದ ಬೇಸಿಗೆಯಲ್ಲೂ ಆಗುತ್ತದೆ. ನೀರು ಬಿಟ್ಟಿದ್ದಾರಾ ಅಂತ ಮೊದಲೇ ಫೋನ್ ಮಾಡಿ.

ಬರಪೊಳೆಯ ರಭಸ ಜಾಸ್ತಿ, ರಭಸ ಅಳೆಯುವ ಆರು ದರ್ಜೆಗಳಲ್ಲಿ ನಾಲ್ಕನೆಯದರವರೆಗೂ ಏರುತ್ತದೆ. ತೋಳಲ್ಲಿ ಕಸುವಿದ್ದು, ಗೈಡ್ ಕೂಗಿದ ತಕ್ಷಣ ಹುಟ್ಟು ಹಾಕುವವರಿಗೆ ಅದು. ಮನೆಮಂದಿಯೆಲ್ಲ ಹೊರಟಿದ್ದರೆ ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ, ಕಾಳಿಯ ಮೇಲಿನ ಚಿಕ್ಕ ರ‍್ಯಾಫ್ಟಿಂಗ್ ಓಟವೇ ಸಾಕು.

ನೀರಿಗೆ ಬಿದ್ದರೆ ಮಾತ್ರ ಎರಡೂ ಕಡೆ ನಿಯಮ ಒಂದೇ. ಅಂಗಾತ ತೇಲಿ, ಕಾಲು ಹರಿವಿನ ದಿಕ್ಕಿಗಿರಲಿ. ಎದ್ದು ನಿಲ್ಲಬೇಡಿ, ಬಂಡೆ ಸಂದಿಗೆ ಪಾದ ಸಿಕ್ಕಿಕೊಂಡೀತು. ಸಡಿಲ ಲೈಫ್ ಜಾಕೆಟ್ ಕೊಟ್ಟರೆ, ದರ ಎಷ್ಟೇ ಕಮ್ಮಿ ಇರಲಿ, ಬೇಡ ಅನ್ನಿ.