ಆರು ಜಿಪ್ ಚೀಲ, ಆರು ಅರ್ಧಂಬರ್ಧ ಹೊಲಿಗೆ: ಎಂಟು ತಿಂಗಳು ಬಳಸಿದ ಮೇಲೆ

ನನ್ನ ಹೊಲಿಗೆ ಮಷಿನ್ ಪಕ್ಕ ಒಂದು ಕುರ್ಚಿ ಇದೆ. ಅದರ ಮೇಲೆ ಯಾರಾದರೂ ಕೂತು ಎಷ್ಟು ಕಾಲವಾಯಿತೋ. ಕಾಲರ್ ಕೂರಿಸಬೇಕಾದ ಅಂಗಿ, ತೋಳು ಮಾತ್ರ ಕತ್ತರಿಸಿಟ್ಟ ಫ್ರಾಕು, ಜಿಪ್ ಹಾಕಬೇಕಾದ ದಿಂಬಿನ ಕವರು, ಕಾಲು ಗಿಡ್ಡ ಮಾಡಬೇಕಾದ ಜೀನ್ಸು, ಎಲ್ಲ ಅದರ ಮೇಲೇ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕು ಅಂತ ಬುದ್ಧಿ ಹೇಳುವವರಿಗೆ ಹೊಸ ಬಟ್ಟೆ ಮನೆಗೆ ಬಂದ ದಿನ ಕತ್ತರಿ ಹೇಗೆ ತಾನಾಗಿಯೇ ಕೈಗೆ ಬರುತ್ತದೆ ಅನ್ನುವುದು ಗೊತ್ತಿಲ್ಲ, ಅಷ್ಟೇ.

ಒಂದು ಸಲ ಅಂಗಿಯ ಒಂದು ಕಫ್ ಕಳೆದುಹೋಯಿತು. ಎರಡು ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಜೀನ್ಸಿನ ಕಾಲೊಳಗೆ. ಅವತ್ತೇ ಈ ಆರು ಚೀಲಗಳ ಸೆಟ್ ತರಿಸಿದೆ.

ಚೀಲ ಹೇಗಿದೆ ಅಂದರೆ, ಒಂದು ಮುಖ ಪಾರದರ್ಶಕ ಪ್ಲಾಸ್ಟಿಕ್, ಇನ್ನೊಂದು ಮುಖ ಬಲೆ, ಮೇಲೆ ಉದ್ದಕ್ಕೂ ಜಿಪ್, ಮೂಲೆಯಲ್ಲಿ ನೇತುಹಾಕಲು ಕುಣಿಕೆ, ಮುಂದೆ ಚೀಟಿ ಇಡಲು ಪುಟ್ಟ ಜೇಬು. ಎ4 ಹಾಳೆ ಮಡಚದೆ ಹಿಡಿಯುತ್ತದೆ. ದೊಡ್ಡವರ ಒಂದು ಅಂಗಿಯ ಎಲ್ಲ ತುಂಡುಗಳು, ಅದರ ಪ್ಯಾಟರ್ನ್ ಕಾಗದ, ದಾರದ ಉಂಡೆ, ಬಾಬಿನ್ (ಮಷಿನ್‌ನ ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ), ಗುಂಡಿಗಳು ಎಲ್ಲ ಒಂದರಲ್ಲೇ ಕೂರುತ್ತವೆ. ಪರದೆ ಹಿಡಿಯುವುದಿಲ್ಲ, ಕೋಟು ಹಿಡಿಯುವುದಿಲ್ಲ, ಹತ್ತಿ ತುಂಬಿದ ಹೊದಿಕೆಯಂತೂ ಕೇಳಲೇಬೇಡಿ.

ಮೊದಲು ಒಳ್ಳೆಯದು ಹೇಳುತ್ತೇನೆ. ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಚೀಟಿ. ಚೀಲ ತುಂಡುಗಳನ್ನು ಕಾಯುತ್ತದೆ ಸರಿ, ಆದರೆ ನಾಲ್ಕೈದು ಕೆಲಸ ಒಟ್ಟಿಗೆ ನಡೆಯುವಾಗ ಕಳೆದುಹೋಗುವುದು ತುಂಡುಗಳಿಗಿಂತ ಜಾಸ್ತಿ ನಮ್ಮ ನೆನಪು. ಒಂದು ಫ್ರಾಕನ್ನು ಮೂರು ವಾರ ಬಿಟ್ಟು ಮತ್ತೆ ಕೈಗೆತ್ತಿಕೊಂಡೆ. ಎಡಬದಿಗೆ 1.5 ಸೆಂ.ಮೀ. ಮಾರ್ಜಿನ್, ಅಂದರೆ ಹೊಲಿಗೆಯಿಂದ ಅಂಚಿನವರೆಗಿನ ಬಟ್ಟೆ, ಬಿಟ್ಟು ಹೊಲಿದಿದ್ದೆ. ಅದು ಮರೆತು ಬಲಬದಿಗೆ 1 ಸೆಂ.ಮೀ. ಬಿಟ್ಟು ಹೊಲಿದೆ. ಅರ್ಧ ಸೆಂಟಿಮೀಟರ್ ತಾನೇ ಅನ್ನಿಸುತ್ತದೆ, ಆದರೆ ಮುಂದಿನ ಭಾಗಕ್ಕೆ ಅರ್ಧ, ಬೆನ್ನಿಗೆ ಅರ್ಧ, ಅಲ್ಲಿಗೆ ಒಂದು ಬದಿ ಪೂರ್ತಿ ಒಂದು ಸೆಂಟಿಮೀಟರ್ ಅಗಲ. ಹಾಕಿಕೊಂಡರೆ ಫ್ರಾಕು ಒಂದು ಕಡೆಗೆ ತಿರುಗಿ ನಿಲ್ಲುತ್ತಿತ್ತು. ಕೂತು ಬಿಚ್ಚಿದೆ.

ಈಗ ಮಷಿನ್ ಬಿಟ್ಟು ಏಳುವ ಮೊದಲು ಚೀಟಿ ಬರೆಯುತ್ತೇನೆ: "ಸೂಜಿ 75/11 ಬಾಲ್‌ಪಾಯಿಂಟ್, ಹೊಲಿಗೆ ಉದ್ದ 2.5 ಮಿ.ಮೀ., ಮಾರ್ಜಿನ್ 1.5 ಸೆಂ.ಮೀ., ಎಡ ತೋಳು ಆಯ್ತು, ಬಲ ತೋಳಿನ ನೆರಿಗೆ ಎಳೆಯಬೇಕು." ಸೂಜಿ ನಂಬರ್ ಯಾಕೆ ಅಂತ ಕೇಳಬಹುದು. 75 ಅಂದರೆ ಸೂಜಿಯ ದಪ್ಪ 0.75 ಮಿ.ಮೀ., 11 ಅನ್ನುವುದು ಅದೇ ದಪ್ಪದ ಇನ್ನೊಂದು ಹೆಸರು. ಟೀ ಶರ್ಟ್ ಥರದ ಎಳೆದರೆ ಹಿಗ್ಗುವ ಬಟ್ಟೆಗೆ ತುದಿ ಮೊಂಡಾಗಿರುವ ಈ ಬಾಲ್‌ಪಾಯಿಂಟ್ ಸೂಜಿ ಬೇಕು. ಅದೇ ಸೂಜಿಯಲ್ಲಿ ಜೀನ್ಸಿನ ಮಡಿಕೆಯ ಮೇಲೆ ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು, ಯಾಕಂದರೆ ಆ ಸೂಜಿಯ ತುಂಡು ಕಿವಿಯ ಪಕ್ಕ ಹಾರಿಹೋಯಿತು. ಜೀನ್ಸಿಗೆ ಈಗ 100/16 ಹಾಕುತ್ತೇನೆ.

ಈ ಚೀಟಿಗಳಿಂದ ಇನ್ನೊಂದು ಲಾಭ ಆಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಆರೂ ಚೀಲಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿದ್ದೇನೆ. ಮಷಿನ್‌ಗೆ ದಪ್ಪ ಸೂಜಿ ಹಾಕಿದ ದಿನ ಚೀಟಿ ನೋಡುತ್ತಾ ಹೋಗುತ್ತೇನೆ, ಜೀನ್ಸಿನ ಜೊತೆ ಕ್ಯಾನ್ವಾಸ್ ಬ್ಯಾಗಿನ ಹಿಡಿಯೂ ಅದೇ ಕೂರುವಿಕೆಯಲ್ಲಿ ಮುಗಿಯುತ್ತದೆ. ಮೇಲೆ ಕಡುನೀಲಿ ದಾರ ಇದ್ದರೆ ಕಡುನೀಲಿ ಬೇಕಾದ ಎಲ್ಲ ಚೀಲಗಳೂ ಕೆಳಗಿಳಿಯುತ್ತವೆ. ಮೊದಲು ಸೂಜಿ ನೋಡು, ಆಮೇಲೆ ದಾರ, ಇದೇ ಈಗ ನನ್ನ ಕ್ರಮ. ಇಸ್ತ್ರಿಯೂ ಹಾಗೇ, ಒಂದು ಸಲ ಬಿಸಿ ಮಾಡಿದರೆ ಮೂರು ಚೀಲದ ಹೊಲಿಗೆಗಳನ್ನು ಒಟ್ಟಿಗೆ ಒತ್ತಿಬಿಡುತ್ತೇನೆ. ಚೀಲಕ್ಕೊಂದು ಬಾಬಿನ್ ಸುತ್ತಿ ಇಟ್ಟರಂತೂ ಅರ್ಧ ಕೆಲಸ ಉಳಿತಾಯ. ಆದರೆ ಬಾಬಿನ್ ಎಲ್ಲ ಒಂದೇ ಅಲ್ಲ. ನೋಡಲು ಹಾಗೇ ಇರುತ್ತವೆ, ಎತ್ತರ ಸ್ವಲ್ಪ ಹೆಚ್ಚುಕಮ್ಮಿ ಆದರೂ ಕೆಳಗಿನ ದಾರ ಗೋಜಲಾಗುತ್ತದೆ. ನಿಮ್ಮ ಮಷಿನ್ ಯಾವುದನ್ನು ಕೇಳುತ್ತದೋ ಅದನ್ನೇ ತರಿಸಿ.

ಈಗ ದೂರು. ಚೀಟಿಯ ಜೇಬು ವಿಸಿಟಿಂಗ್ ಕಾರ್ಡಿನಷ್ಟು. ಇಷ್ಟು ಮುಖ್ಯವಾದದ್ದಕ್ಕೆ ಅಷ್ಟೇ ಜಾಗ! ನಾನು ದೊಡ್ಡ ಚೀಟಿ ಬರೆದು ಪ್ಲಾಸ್ಟಿಕ್ ಮುಖದ ಒಳಗಡೆ ಇಡುತ್ತೇನೆ, ಅದು ಯಾವಾಗಲೂ ಬಟ್ಟೆಯ ಹಿಂದೆ ಜಾರಿಹೋಗುತ್ತದೆ. ಮೊದಲ ವಾರ ಪ್ಲಾಸ್ಟಿಕ್ ವಾಸನೆ ತಲೆನೋವು ತರುವಷ್ಟು ಇತ್ತು, ಗಾಳಿಗೆ ಹಾಕಿದ ಮೇಲೆ ಹೋಯಿತು. ಮೂರನೇ ತಿಂಗಳಿಗೆ ಒಂದರ ಜಿಪ್ಪಿನ ತುದಿಯ ಹೊಲಿಗೆ ಬಿಟ್ಟು ಎಳೆಯುವ ಹಿಡಿ ಕಿತ್ತು ಕೈಗೆ ಬಂತು. ತುದಿಗೆ ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಸರಿ ಮಾಡಿಕೊಂಡೆ, ಎರಡು ನಿಮಿಷದ ಕೆಲಸ. ಆದರೂ ಹೊಲಿಯುವವರಿಗೆ ಅಂತಲೇ ಮಾರುವ ಚೀಲದ ಹೊಲಿಗೆಯೇ ಬಿಟ್ಟರೆ ಹೇಗೆ ಹೇಳಿ.

ಬಲೆಯ ಮುಖದ ಬಗ್ಗೆ ನನಗೆ ಎರಡು ಮನಸ್ಸು. ಹಬೆಯ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸ್ವಲ್ಪ ತೇವ ಉಳಿದಿರುತ್ತದೆ, ಪೂರ್ತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟರೆ ಮುಗ್ಗಲು ಹಿಡಿಯುತ್ತದೆ. ಬಲೆ ಇದ್ದರೆ ಗಾಳಿ ಆಡುತ್ತದೆ. ಆದರೆ ಗುಂಡುಸೂಜಿ ಚುಚ್ಚಿದ ತುಂಡುಗಳನ್ನು ಹಾಗೇ ಒಳಗೆ ಹಾಕಿದರೆ ಮೊನೆ ಬಲೆಯಿಂದ ಆಚೆ ಬರುತ್ತದೆ. ಬೆರಳಿಗೆ ಚುಚ್ಚಿಸಿಕೊಂಡೇ ಕಲಿತೆ. ಹೇಗೂ ತುಂಬಾ ದಿನ ಬಿಟ್ಟ ಗುಂಡುಸೂಜಿ ತುಕ್ಕಿನ ಕಲೆ ಬಿಡುವ ಸಾಧ್ಯತೆ ಇದೆ. ಈಗ ಹೊಲಿಗೆಯ ಕ್ಲಿಪ್ಪುಗಳನ್ನೇ ಬಳಸುತ್ತೇನೆ.

ಚೀಲದ ತಪ್ಪಲ್ಲ, ಆದರೂ ಇಲ್ಲಿ ಹೇಳಿಬಿಡುತ್ತೇನೆ. ಗಾಳಿಗೆ ತಾನೇ ಮಾಯವಾಗುವ ಪೆನ್ನಿನಲ್ಲಿ ಗುರುತು ಹಾಕಿ ಚೀಲದೊಳಗೆ ಇಡಬೇಡಿ. ಒಂದೆರಡು ದಿನದಲ್ಲಿ ಅಳಿಸಿಹೋಗಲಿ ಅಂತಲೇ ಮಾಡಿದ ಪೆನ್ನು ಅದು. ವಾರ ಬಿಟ್ಟು ತೆಗೆದರೆ ಡಾರ್ಟ್ (ಬಟ್ಟೆ ಮೈಗೆ ಕೂರಲು ಹಿಡಿಯುವ ಚೂಪು ಮಡಿಕೆ) ಎಲ್ಲಿತ್ತು ಅಂತ ದೇವರಿಗೇ ಗೊತ್ತು. ನೀರಿಗೆ ಹೋಗುವ ಪೆನ್ನು ಪರವಾಗಿಲ್ಲ, ಆದರೆ ಅದರ ಮೇಲೆ ಇಸ್ತ್ರಿ ಆಡಿಸಿದರೆ ಗುರುತು ಬಟ್ಟೆಯಲ್ಲೇ ಕಚ್ಚಿಕೊಳ್ಳಬಹುದು. ಚಾಕಿನ ಗೆರೆ ಒಳಗೆ ಉಜ್ಜಿ ಉಜ್ಜಿ ಮಸುಕಾಗುತ್ತದೆ. ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ ಬೇರೆ ಬಣ್ಣದ ದಾರದಲ್ಲಿ ಕೈಯಿಂದ ಹಾಕಿದ ಕಚ್ಚಾ ಹೊಲಿಗೆಯೇ ಸರಿ. ವೆಲ್ವೆಟ್ ಕೂಡ ಇದರೊಳಗೆ ಬೇಡ, ಮಡಿಸಿದ ಕಡೆ ಜೂಲು ನಜ್ಜಾಗುತ್ತದೆ. ಓರೆಯಾಗಿ ಕತ್ತರಿಸಿದ ಲಂಗವೂ ಬೇಡ, ಅದು ಒಂದು ದಿನವಾದರೂ ನೇತಾಡಿ ಎಷ್ಟು ಜಗ್ಗಬೇಕೋ ಅಷ್ಟು ಜಗ್ಗಿದ ಮೇಲೇ ಅಂಚು ಮಡಿಸಬೇಕು.

ಇನ್ನೊಂದು ವಿಷಯ, ಇದು ನನ್ನ ಸ್ವಭಾವದ್ದೂ ಇರಬಹುದು. ಕುರ್ಚಿ ಮೇಲೆ ರಾಶಿ ಬಿದ್ದಿದ್ದಾಗ ಆ ಅಂಗಿ ದಿನಾ ಕಣ್ಣಿಗೆ ಚುಚ್ಚುತ್ತಿತ್ತು. ಚೀಲಕ್ಕೆ ಹಾಕಿ ಜಿಪ್ ಎಳೆದ ಮೇಲೆ ಎಷ್ಟು ನೀಟಾಗಿ ಕಂಡಿತು ಅಂದರೆ, ಕೆಲಸವೇ ಮುಗಿದುಹೋಯಿತೇನೋ ಅನ್ನುವ ಸಮಾಧಾನ. ಮೊದಲೆರಡು ತಿಂಗಳು ಚೀಲಗಳನ್ನು ಪೆಟ್ಟಿಗೆಯಲ್ಲಿಟ್ಟಿದ್ದೆ, ಆಗ ಒಂದೂ ಮುಗಿಯಲಿಲ್ಲ. ಗೋಡೆಗೆ ನೇತುಹಾಕಿದ್ದು ಆಮೇಲೆ. ಹಾಗಾಗಿ ಕುಣಿಕೆ ಇಲ್ಲದ ಸೆಟ್ ಸಿಕ್ಕರೆ ಸುಮ್ನೆ ಬಿಟ್ಟುಬಿಡಿ. ಏಳನೇ ಕೆಲಸಕ್ಕೆ ಚೀಲ ಇಲ್ಲ ಅನ್ನುವುದೂ ಒಂದು ರೀತಿ ಒಳ್ಳೆಯದೇ, ಒಂದು ಖಾಲಿಯಾಗುವ ತನಕ ಹೊಸ ಬಟ್ಟೆಗೆ ಕತ್ತರಿ ಹಾಕುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇನೆ. ಎರಡು ಸಲ ಮಾತ್ರ ಮುರಿದಿದ್ದೇನೆ.

ಒಟ್ಟಿಗೆ ಒಂದೋ ಎರಡೋ ಹೊಲಿಯುವವರಿಗೆ ಇದು ಬೇಕಿಲ್ಲ, ಬೂಟಿನ ಖಾಲಿ ಡಬ್ಬಿ ಮತ್ತು ಒಂದು ಚೀಟಿ ಸಾಕು. ನಾಲ್ಕು ದಾಟಿದರೆ ತಗೊಳ್ಳಿ. 5ಕ್ಕೆ 3.5 ಕೊಡುತ್ತೇನೆ, ಚೀಟಿ ಜೇಬು ಇನ್ನಷ್ಟು ದೊಡ್ಡದಿದ್ದಿದ್ದರೆ 4 ಕೊಡುತ್ತಿದ್ದೆ. ಕುರ್ಚಿ ಖಾಲಿಯಾಯಿತಾ ಅಂತ ಕೇಳಿದರೆ, ಇಲ್ಲ. ಕೋಟು ಯಾವ ಚೀಲಕ್ಕೂ ಹಿಡಿಯಲಿಲ್ಲ.